ಮೆತ್ತಗೆ ಕೇಳಿದ ಪ್ರಶ್ನೆ

ಡಾಕ್ಟರ್ ಸೀಟಿಗೆ ಸಂದರ್ಶನ ಇರುತ್ತದೆ ಎಂದರೆ ರೋಣದಲ್ಲಿ ಯಾರೂ ನಂಬಲಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ದಾರಿ ಒಂದೇ. ನೀಟ್ ಬರೆಯಬೇಕು, ಅಂಕ ಬರಬೇಕು, ರ‍್ಯಾಂಕಿನ ಪ್ರಕಾರ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಬರೆದವರಿಗೆ ಬಾಯಿ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆದರೆ ಸೇನೆಯ ವೈದ್ಯಕೀಯ ಕಾಲೇಜಿನಲ್ಲಿ ಹಾಗಲ್ಲ. ಅಂಕ ನೋಡಿ ಕರೆಯುತ್ತಾರೆ, ಕರೆದ ಮೇಲೆ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾರೆ, ಆ ಮಾತಿಗೂ ಅಂಕ ಕೊಟ್ಟು ಎರಡನ್ನೂ ಕೂಡಿಸುತ್ತಾರೆ. ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿಗೆ ಆ ಕರೆ ಬಂದಾಗ ಪ್ರಾಂಶುಪಾಲರು ನನ್ನನ್ನು ಕರೆದು, ಜೀವಶಾಸ್ತ್ರ ಕಲಿಸಿದವರು ನೀವೇ, ಮಾತನ್ನೂ ನೀವೇ ಕಲಿಸಿಬಿಡಿ ಎಂದರು. ಮಾತು ಕಲಿಸುವುದೆಂದರೆ ಇನ್ನೊಂದು ಪಾಠ ಎಂದುಕೊಂಡು ನಾನೂ ಒಪ್ಪಿಕೊಂಡೆ.

ಹುಡುಗಿ ಅಸೂಟಿಯವಳು. ಪಿಯುಸಿ ಮುಗಿದ ವರ್ಷ ನೀಟ್‌ನಲ್ಲಿ ಅಷ್ಟಕ್ಕಷ್ಟೇ ಅಂಕ ಬಂದಿದ್ದವು. ಇನ್ನೊಂದು ವರ್ಷ ಓದುತ್ತೇನೆ ಎಂದು ಹಟ ಹಿಡಿದು, ದಿನಾ ಬೆಳಗಿನ ಬಸ್ಸಿಗೆ ಬಂದು ನಮ್ಮ ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಓದಿದಳು. ಈ ಸಲ ನಮ್ಮಲ್ಲಿ ಹಿಂದೆ ಯಾರಿಗೂ ಬಾರದಷ್ಟು ಅಂಕ ಬಂತು. ರಾಜ್ಯದ ಸರ್ಕಾರಿ ಸೀಟಿಗೆ ಅವಳ ರ‍್ಯಾಂಕು ಸಾಕಾಗುತ್ತಿತ್ತು. ಆದರೆ ಅಲ್ಲಿಯ ಫೀಸು, ಹಾಸ್ಟೆಲಿನ ಖರ್ಚು ಅಪ್ಪನ ಕೈಗೆ ಮೀರಿದ್ದು, ಸೇನೆಯ ಕಾಲೇಜಿನಲ್ಲಾದರೆ ಎಲ್ಲ ಸರ್ಕಾರದ್ದೇ. ಅಪ್ಪ ಒಪ್ಪಿದ್ದು ಒಂದೇ ವರ್ಷಕ್ಕೆ. ಈ ಸೀಟು ಸಿಗದಿದ್ದರೆ ಬಿ.ಎಸ್ಸಿ., ಅದು ಮುಗಿಯುವುದರೊಳಗೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಹಾಗಾಗಿ ಈ ಸಂದರ್ಶನದ ಮೇಲೆಯೇ ಅವಳ ಎಲ್ಲ ಭರವಸೆ ನಿಂತಿತ್ತು.

ಅವಳ ಜಾಣತನದ ಬಗ್ಗೆ ನನಗೆ ಸಂಶಯ ಇರಲಿಲ್ಲ. ತರಗತಿಯಲ್ಲಿದ್ದಾಗ ನರ ಮತ್ತು ಸ್ನಾಯು ಕೂಡುವ ಜಾಗದ ಪಾಠ ನಡೆದಿತ್ತು. ಎಲ್ಲರೂ ಚಿತ್ರ ಬಿಡಿಸಿ ಹೆಸರು ಬರೆದುಕೊಂಡು ಮುಗಿಸಿದರು. ಇವಳು ಮಾತ್ರ ಪಾಠ ಮುಗಿದ ಮೇಲೆ ಬಂದು, ವಿಷ ಆ ಜಾಗವನ್ನು ತಲುಪಲು ಎಷ್ಟು ಹೊತ್ತು ಬೇಕು ಎಂದು ಕೇಳಿದ್ದಳು. ಪರೀಕ್ಷೆಗೆ ಬಾರದ ಪ್ರಶ್ನೆ ಕೇಳುವ ಮಕ್ಕಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಕ್ಕರೆ. ವಿಷವನ್ನು ಅವಲಂಬಿಸಿರುತ್ತದೆ, ಮುಂದೆ ಓದುವಿಯಂತೆ ಎಂದು ಹೇಳಿ ಬೆನ್ನು ತಟ್ಟಿ ಕಳಿಸಿದ್ದೆ.

ಅಭ್ಯಾಸದ ಸಂದರ್ಶನ ಮಾಡಲು ಕನಿಷ್ಠ ಮೂವರು ಬೇಕು. ಪಕ್ಕದ ಯಾವಗಲ್ ಊರಿನಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದರು. ಅವರನ್ನು ಕೇಳಿಕೊಂಡೆ. ಇನ್ನೊಬ್ಬರು ನನ್ನ ಸಹಪಾಠಿಯಾಗಿದ್ದ ಪಶುವೈದ್ಯರು. ಅವರ ಮನೆ ನರಗುಂದದಲ್ಲಿ, ನೌಕರಿ ಗಜೇಂದ್ರಗಡದಲ್ಲಿ, ದಿನದ ಅರ್ಧ ಜೀವ ರಸ್ತೆಯ ಮೇಲೆ. ಹೋಗಿಬರುವ ದಾರಿಯಲ್ಲಿ ರೋಣದಲ್ಲಿ ಇಳಿದು ಒಂದು ತಾಸು ಕೂರುತ್ತೇನೆ ಎಂದರು. ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲಿದ್ದ ಗಾಜಿನ ಭರಣಿಗಳನ್ನೆಲ್ಲ ತೆಗೆಸಿ, ಒಂದು ಬದಿಗೆ ನಾವು ಮೂವರು, ಎದುರಿಗೆ ಒಂದೇ ಕುರ್ಚಿ ಇಟ್ಟೆವು.

ಸುಬೇದಾರರು ಮೊದಲ ದಿನ ನಡಿಗೆಯನ್ನೇ ಕಲಿಸಿದರು. ಬಾಗಿಲ ಬಳಿ ನಿಂತು ಅನುಮತಿ ಕೇಳುವುದು, ಕುರ್ಚಿ ಎಳೆಯುವಾಗ ಸದ್ದು ಮಾಡದಿರುವುದು, ಕೂತುಕೋ ಎಂದ ಮೇಲೆಯೇ ಕೂರುವುದು, ಕೇಳಿದವರ ಮುಖ ನೋಡಿಯೇ ಉತ್ತರಿಸುವುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದೂ ಒಂದು ಉತ್ತರವೇ ಎಂದು ಅವರು ಒತ್ತಿ ಹೇಳಿದರು. ಹುಡುಗಿ ಎಲ್ಲವನ್ನೂ ಒಂದೇ ಸಲಕ್ಕೆ ಕಲಿತಳು. ಹೆಸರು, ಊರು, ಓದಿದ ಶಾಲೆ, ಹೃದಯದ ಕವಾಟಗಳು, ಎಲ್ಲದಕ್ಕೂ ಇಂಗ್ಲಿಷಿನಲ್ಲಿಯೇ ಸಣ್ಣ ಸಣ್ಣ ವಾಕ್ಯಗಳಲ್ಲಿ ಚೆನ್ನಾಗಿ ಹೇಳಿದಳು. ಇಷ್ಟಕ್ಕೆ ನಾವು ಇಷ್ಟು ದೊಡ್ಡ ಮೇಜು ಹಾಕಬೇಕಿತ್ತೇ ಎಂದು ನನಗೆ ಅನ್ನಿಸತೊಡಗಿತ್ತು.

ಆಮೇಲೆ ಪಶುವೈದ್ಯರು, ಎಲ್ಲ ಸಂದರ್ಶನಗಳಲ್ಲೂ ಕೇಳಿಯೇ ಕೇಳುವ ಪ್ರಶ್ನೆ ಕೇಳಿದರು. ನೀನು ಡಾಕ್ಟರ್ ಯಾಕೆ ಆಗಬೇಕು? ಹುಡುಗಿ ಸ್ವಲ್ಪ ತಡೆದಳು. ಅವರು ಮೃದು ಸ್ವಭಾವದ ಮನುಷ್ಯ, ಹೆದರಿದ ಹಸುವನ್ನು ಸಮಾಧಾನ ಮಾಡಿ ಮಾಡಿ ಅಭ್ಯಾಸವಾದವರು. ಮೇಜಿನ ಮೇಲೆ ಮುಂದಕ್ಕೆ ಬಾಗಿ, ದನಿ ಇಳಿಸಿ, "ಹೇಳವಾ, ಅಂಜಬ್ಯಾಡ" ಎಂದರು.

ಹುಡುಗಿಯ ತುಟಿಗಳು ಒಳಕ್ಕೆ ಮಡಚಿಕೊಂಡವು. ಹೆದರಿದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೈ ನಡುಗುತ್ತದೆ, ಕಣ್ಣು ತುಂಬುತ್ತದೆ, ದನಿ ಸೀಳುತ್ತದೆ. ಇಲ್ಲಿ ಅದೇನೂ ಇರಲಿಲ್ಲ. ಕೈ ತೊಡೆಯ ಮೇಲೆ ನೆಟ್ಟಗಿದ್ದವು, ಕಣ್ಣು ಅವರ ಮುಖದ ಮೇಲೆಯೇ ಇದ್ದವು, ಬಾಯಿ ಮಾತ್ರ ಬಿಗಿದಿತ್ತು. ಕೆನ್ನೆ ಸ್ವಲ್ಪ ಉಬ್ಬಿದ್ದವು. ಬಾಯಲ್ಲಿ ಏನಾದರೂ ಇಟ್ಟುಕೊಂಡಿದ್ದೀಯಾ ಎಂದು ಪಶುವೈದ್ಯರು ಕೇಳಿದ್ದಕ್ಕೆ ಇಲ್ಲವೆಂದು ತಲೆ ಆಡಿಸಿದಳು. ಖಾಲಿ ಬಾಯನ್ನು ಅಷ್ಟು ಜೋಪಾನವಾಗಿ ಮುಚ್ಚಿಕೊಂಡಿದ್ದಳು. ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು, ಹೊರಗೆ ಮಕ್ಕಳ ಗಲಾಟೆ ಇತ್ತು, ಆದರೂ ಆ ಕೋಣೆಯಲ್ಲಿ ನಾವು ನಾಲ್ವರಲ್ಲದೆ ಇನ್ನೂ ಯಾರೋ ಇದ್ದಾರೆ ಅನ್ನಿಸಿತು.

ಮುಂದಿನ ದಿನಗಳಲ್ಲಿ ನಾವು ಮಾಡದ ಪ್ರಯತ್ನ ಉಳಿಯಲಿಲ್ಲ. ಉತ್ತರ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆವು. ನನ್ನೊಬ್ಬಳ ಮುಂದೆ ಒಪ್ಪಿಸಿದಳು, ಮೇಜಿನ ಮುಂದೆ ಬಾಯಿ ಮುಚ್ಚಿದಳು. ಸುಬೇದಾರರು ಎದುರಿಗೆ ನಿಂತು ಹೇಳಿಸಿದರೆ ಹೇಳಿದಳು. ಪಶುವೈದ್ಯರು ಗಜೇಂದ್ರಗಡದಿಂದ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದರೆ ಪಟಪಟನೆ ಹೇಳಿದಳು. ನಾನು ಬೈದೆ. ಬೈದರೆ ತಲೆ ತಗ್ಗಿಸಿ, ನಾಳಿ ಹೇಳ್ತೀನ್ರಿ ಎನ್ನುತ್ತಿದ್ದಳು. ನಾಳೆಯೂ ಅದೇ ಹಾಡು. ಅಂಕದ ಚೀಲ ತುಂಬಿಸಿಕೊಂಡು ಬಂದು ಬಾಯಿ ಮನೆಯಲ್ಲಿ ಬಿಟ್ಟುಬಂದಿದ್ದಾಳೆ ಎಂದು ಪ್ರಾಂಶುಪಾಲರು ನಗೆಯಾಡಿದರು. ನನಗೆ ನಗು ಬರಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಆ ಮಡಚಿದ ತುಟಿಗಳೇ ಕಾಣುತ್ತಿದ್ದವು.

ಗುಟ್ಟು ತಿಳಿದದ್ದು ಒಂದು ಎಮ್ಮೆಯಿಂದ. ಅಭ್ಯಾಸ ನಡೆದಿರುವಾಗ ಪಶುವೈದ್ಯರಿಗೆ ರಾಜೂರಿನ ಕಡೆಯಿಂದ ಫೋನ್ ಬಂತು. ಎಮ್ಮೆಯ ಕರು ಅಡ್ಡ ಸಿಕ್ಕಿಕೊಂಡಿತ್ತು, ಯಾರೋ ಅದನ್ನು ಎಳೆಯಲು ಹೋಗಿ ಇನ್ನಷ್ಟು ಕೆಡಿಸಿದ್ದರು. ಅವರು ವರಾಂಡದಲ್ಲಿ ನಿಂತು ಫೋನಿನಲ್ಲಿ ಬೈದು, ಹತ್ತಿರದಲ್ಲಿದ್ದ ಸಹಾಯಕನನ್ನು ಅಲ್ಲಿಗೆ ಅಟ್ಟಿ, ಅದೇ ಸಿಟ್ಟಿನಲ್ಲಿ ಒಳಗೆ ಬಂದು ಕುಳಿತು, ಡಾಕ್ಟರ್ ಯಾಕೆ ಆಗಬೇಕು ಎಂದು ಹುಡುಗಿಯ ಮೇಲೆ ಗುಡುಗಿದರು. ಅವಳು ತಡವರಿಸದೆ ಬಾಯಿಪಾಠ ಮಾಡಿದ ಉತ್ತರವನ್ನು ಪೂರ್ತಿ ಹೇಳಿ ಮುಗಿಸಿದಳು. ನಾವು ಮುಖ ಮುಖ ನೋಡಿಕೊಂಡೆವು. ಮತ್ತೆ ಮತ್ತೆ ಪರೀಕ್ಷೆ ಮಾಡಿದೆವು. ಗದರಿಸಿ ಕೇಳಿದರೆ ಉತ್ತರ ಬರುತ್ತಿತ್ತು. ಸುಮ್ಮನೆ ಕೇಳಿದರೂ ಬರುತ್ತಿತ್ತು. ಯಾರಾದರೂ ಮುಂದಕ್ಕೆ ಬಾಗಿ, ಪ್ರೀತಿಯಿಂದ, ಮೆತ್ತಗೆ ಕೇಳಿದರೆ ಮಾತ್ರ ಬಾಯಿ ಮುಚ್ಚುತ್ತಿತ್ತು. ಪ್ರಶ್ನೆ ಯಾವುದಾದರೂ ಸರಿ.

ಸುಬೇದಾರರಿಗೆ ಇದು ವಿಚಿತ್ರವಾಗಿ ಕಂಡಿತು. ನನಗೆ ಅಂಜಿಕೆಯಾಯಿತು. ಸಂದರ್ಶನದಲ್ಲಿ ಹುಡುಗಿ ತಡೆದರೆ ಯಾರೋ ಒಬ್ಬರು ಮೆತ್ತಗೆ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಮನುಷ್ಯರು ಇರುವ ಕಡೆಯೇ ಇವಳಿಗೆ ಅಪಾಯ.

ಅವತ್ತು ಅವರಿಬ್ಬರೂ ಹೋದ ಮೇಲೆ ಹುಡುಗಿಯನ್ನು ಇರಿಸಿಕೊಂಡೆ. ಎದುರಿಗೆ ಕೂರಿಸಿಕೊಂಡು ಕೇಳಿದರೆ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ತೊಟ್ಟಿಯಲ್ಲಿ ಗಾಜಿನ ಪಟ್ಟಿಗಳನ್ನು ತೊಳೆಯುತ್ತಾ, ಅವಳಿಗೆ ಬೆನ್ನು ಮಾಡಿ, ಹಿಂದೆ ನಿನ್ನನ್ನು ಮೆತ್ತಗೆ ಕೇಳಿದವರು ಯಾರವಾ ಎಂದು ಕೇಳಿದೆ. ಆಮೇಲೆ ಅವಳು ನನ್ನ ಬೆನ್ನಿಗೆ ಹೇಳತೊಡಗಿದಳು.

"ನಮ್ಮವ್ವ ಕುಳ್ಳು ತಗೊಳ್ಳಾಕ ಗೂಡಿನಾಗ ಕೈ ಹಾಕಿದ್ಲು ರೀ. ನಾ ಹಿಂದ ಬ್ಯಾಟರಿ ಹಿಡಕೊಂಡು ನಿಂತಿದ್ದೆ. ಏನೋ ಚುಚ್ಚಿತು, ಚೇಳ ಇರಬೇಕು ಅಂದ್ಲು. ಅದು ಚೇಳ ಅಲ್ರಿ. ಬಾಲ ಒಳಗ ಹೋಗೂದು ನಾ ನೋಡಿದ್ನಿ."

ತಾಯಿ ಬೆರಣಿಯ ಗೂಡಿಗೆ ಕೈ ಹಾಕಿದಾಗ ಅವಳು ಮೂರನೆಯ ತರಗತಿ. ಅಪ್ಪ ಸಂತೆಗೆ ಹೋಗಿದ್ದ. ಹುಡುಗಿ ಓಡಿ ಹೋಗಿ ಅಪ್ಪನ ತಾಯಿಗೆ, ಆಯಿ ಎಂದು ಅವಳು ಕರೆಯುತ್ತಿದ್ದ ಮುದುಕಿಗೆ, ಹಾವು ಎಂದಳು. ಆಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಅದರ ಹೆಸರು ತೆಗೆಯಬೇಡ, ಓಡಿ ಹೋಗಿ ಔಷಧಿ ತಾ ಎಂದು ಓಣಿಯ ಕೊನೆಗೆ ಅಟ್ಟಿದಳು. ಅಲ್ಲಿ ನಾಟಿ ಔಷಧಿ ಕೊಡುವವನೊಬ್ಬನಿದ್ದ. ನಮ್ಮ ಭಾಗದಲ್ಲಿ ಇದರ ಕಟ್ಟಳೆ ಎಲ್ಲರಿಗೂ ಗೊತ್ತು. ಔಷಧಿ ಒಯ್ಯುವವರು ಬಾಯಿ ಬಿಡಬಾರದು. ರೋಗಿ ಅದನ್ನು ಕುಡಿದ ಮೇಲೂ ಮರುದಿನ ಹೊತ್ತು ಹುಟ್ಟುವ ತನಕ ಒಯ್ದವರು ಮಾತಾಡಬಾರದು, ಮಾತಾಡಿದರೆ ಔಷಧಿಯ ಗುಣ ಹೋಗುತ್ತದೆ. ದೊಡ್ಡವರಾದರೆ ಹೇಳಿದರೆ ಸಾಕು. ಮಕ್ಕಳ ನಾಲಿಗೆಯನ್ನು ನಂಬುವಂತಿಲ್ಲವಲ್ಲ, ಅದಕ್ಕೆ ಬಾಯಿ ತುಂಬ ನೀರು ಹಾಕಿ ಕಳಿಸುತ್ತಾರೆ. ಇವಳಿಗೂ ಹಾಕಿದ. ನೀರು ಚೆಲ್ಲಿದರೆ ನಿಮ್ಮವ್ವ ಉಳಿಯುವುದಿಲ್ಲ ಎಂದು ಹೇಳಿ ಎಲೆಯ ಪೊಟ್ಟಣ ಕೈಗೆ ಕೊಟ್ಟ, ಆಯಿ ಅದನ್ನು ಅರೆದು ಕುಡಿಸಿದಳು.

ಅಪ್ಪ ಸಂತೆಯಿಂದ ಬರುವ ಹೊತ್ತಿಗೆ ತಾಯಿಯ ಕಣ್ಣ ರೆಪ್ಪೆಗಳು ಜೋತು ಬಿದ್ದಿದ್ದವು. ಔಷಧಿ ಕೆಟ್ಟೀತೆಂದು ಆಯಿ ಅವನ ಮುಂದೆ ಹಾವಿನ ಮಾತನ್ನೂ ಔಷಧಿಯ ಮಾತನ್ನೂ ಎತ್ತಲಿಲ್ಲ. ಚೇಳು ಎಂದು ಹೆಂಡತಿಯೇ ಹೇಳಿದ್ದನ್ನು ನಂಬಿ ಅವನು ಟಂಟಂ ಗಾಡಿ ಮಾಡಿಕೊಂಡು ದವಾಖಾನೆಗೆ ಒಯ್ದ. ತಾಯಿಯ ಸೀರೆ ಹಿಡಿದು ಬಿಡದೆ ನಿಂತಿದ್ದ ಮಗಳನ್ನೂ ಹತ್ತಿಸಿಕೊಂಡ. ಅಲ್ಲಿದ್ದ ಡಾಕ್ಟರಿಗೆ ಚೇಳು ಎಂಬ ಮಾತು ಸರಿ ಕಾಣಲಿಲ್ಲ. ಬೇರೆ ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದರು. ಮಗಳು ಜೊತೆಗಿದ್ದಳು ಎಂದ ಅಪ್ಪ.

"ಡಾಕ್ಟರು ನನ್ನ ಮುಂದ ಕುಕ್ಕರಗಾಲಿಲೆ ಕುಂತ್ರು ರೀ. ಭಾಳ ಮೆತ್ತಗ ಕೇಳಿದ್ರು. ಹೇಳವಾ, ಅಂಜಬ್ಯಾಡ, ಏನ್ ಕಡದದ್ದು ನೋಡೀಯೇನು ಅಂದ್ರು. ಬಾಯಾಗ ನೀರಿತ್ತು. ಬೆಚ್ಚಗ ಆಗಿತ್ತು. ಹೇಳಿದ್ರ ಅವ್ವ ಸಾಯ್ತಾಳಂತ ಹೇಳಲಿಲ್ರಿ."

ನಾನು ಹಿಂದಕ್ಕೆ ತಿರುಗಲಿಲ್ಲ. ತಿರುಗುವ ಧೈರ್ಯ ಇರಲಿಲ್ಲ. ತೊಳೆದ ಪಟ್ಟಿಯನ್ನೇ ಮತ್ತೆ ಮತ್ತೆ ತೊಳೆದೆ. ತಾಯಿ ಬೆಳಗಾಗುವ ಮೊದಲೇ ಹೋಗಿಬಿಟ್ಟಿದ್ದಳು. ಆದರೂ ಹುಡುಗಿ ಹೊತ್ತು ಹುಟ್ಟುವ ತನಕ ಕಾದು, ಆಮೇಲೆ ಆ ನೀರನ್ನು ನುಂಗಿದಳಂತೆ. ಚೇಳು ಕಡಿದು ಸತ್ತಳು ಎಂದೇ ಊರಲ್ಲಿ ಮಾತಾಯಿತು. ಆಯಿಯೂ ಔಷಧಿ ಕೊಟ್ಟವನೂ ಕೆಲವು ವರ್ಷಕ್ಕೆ ತೀರಿಕೊಂಡರು. ಅಲ್ಲಿಗೆ ಹಾವನ್ನು ಬಲ್ಲವಳು ಇವಳೊಬ್ಬಳೇ ಉಳಿದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಾನೂ ಬಾಯಿ ತುಂಬ ನೀರು ಹಿಡಿದುಕೊಂಡು ನಿಂತು ನೋಡಿದೆ. ಕುಕ್ಕರ್ ಕೂಗುವ ಮೊದಲೇ ಗಂಟಲು ಸೋತಿತು. ಅಂಥದ್ದರಲ್ಲಿ ಆ ಪುಟ್ಟ ಬಾಯಿ ಒಂದಿಡೀ ರಾತ್ರಿ ಹಿಡಿದಿತ್ತು. ಮನೆಯವರು ಚಹಾ ಕೇಳಿದ್ದಕ್ಕೆ ಉತ್ತರ ಕೊಡದೆ ಒಳಕೋಣೆಗೆ ಹೋಗಿ ಕುಳಿತು ಅತ್ತೆ.

ಹುಡುಗಿಯ ಒಪ್ಪಿಗೆ ಕೇಳಿಕೊಂಡು ಪಶುವೈದ್ಯರಿಗೂ ಸುಬೇದಾರರಿಗೂ ವಿಷಯ ತಿಳಿಸಿದೆ. ಸುಬೇದಾರರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ನಿಧಾನವಾಗಿ, ಡಾಕ್ಟರ್ ಯಾಕೆ ಆಗಬೇಕು ಎನ್ನುವುದಕ್ಕೆ ಇದೇ ಉತ್ತರ, ಇದನ್ನು ಕೇಳಿದ ಮೇಲೆ ಯಾರೂ ಸೀಟು ಕೊಡದೆ ಕಳಿಸುವುದಿಲ್ಲ ಎಂದರು. ಕಟ್ಟುಕತೆ ಅಲ್ಲವಲ್ಲ, ನಡೆದದ್ದನ್ನು ಹೇಳಲು ಏನು ಅಡ್ಡಿ ಎಂಬುದು ಅವರ ವಾದ. ಪಟ್ಟಣದ ಮಕ್ಕಳು ಇಲ್ಲದ ಅಜ್ಜಿಯನ್ನು ಸಾಯಿಸಿ ಅಂಥ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ ಎಂದು ಅವರು ಕೇಳಿದ್ದರು. ಖರೇ ಹೇಳಬೇಕೆಂದರೆ ನನಗೂ ಆಸೆ ಹುಟ್ಟಿತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸು ಆಗಲೇ ವಾಕ್ಯ ಕಟ್ಟುತ್ತಿತ್ತು.

ಪಶುವೈದ್ಯರು ಮಾತ್ರ ಆ ಚರ್ಚೆಗೆ ಬರಲಿಲ್ಲ. ಹೊರಗೆ ಗಾಡಿಯ ತನಕ ಅವರ ಜೊತೆ ಹೋದಾಗ, ಹುಡುಗಿ ಹೇಳಿದ ಲಕ್ಷಣ ನೋಡಿದರೆ ಅದು ಕಟ್ಟು ಹಾವು ಇರಬೇಕು ಎಂದರು. ಅದು ಕಚ್ಚಿದ್ದು ಚಿಮುಟಿದ ಹಾಗಿರುತ್ತದೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ಆಗಲೇ ಗೊತ್ತಾಗಿ ಚುಚ್ಚುಮದ್ದು ಹಾಕಿ, ಉಸಿರಿಗೆ ಆಸರೆ ಕೊಡುತ್ತಾ ದೊಡ್ಡ ದವಾಖಾನೆಗೆ ಒಯ್ದಿದ್ದರೆ ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಹಾಗೆ ಉಳಿದವರೂ ಇದ್ದಾರೆ, ಉಳಿಯದವರೂ ಇದ್ದಾರೆ. ಇದನ್ನು ಹುಡುಗಿಯ ಮುಂದೆ ಎಂದೂ ಆಡಬೇಡಿ ಎಂದು ಅವರಿಂದ ಮಾತು ತೆಗೆದುಕೊಂಡೆ.

ಸುಬೇದಾರರ ಸಲಹೆಯನ್ನು ಹುಡುಗಿಗೆ ನಾನೇ ಹೇಳಿದೆ. ಅವಳು ಸಿಟ್ಟಾಗಬಹುದು, ಅಳಬಹುದು ಎಂದುಕೊಂಡಿದ್ದೆ. ಅವಳು ಹೇಳಿದ್ದು ಇಷ್ಟು.

"ಹೇಳು ಅಂದ್ರ ಹೇಳ್ತೀನ್ರಿ ಮೇಡಂ. ಆದ್ರ ನಮ್ಮಪ್ಪಗ ಇನ್ನೂ ಹೇಳಿಲ್ರಿ."

ಆ ಒಂದು ಮಾತಿಗೆ ನಾನು ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ನಾಚಿಕೆಯಾಗಿ ಮುದುಡಿಕೊಂಡವು. ಗುರುತಿಲ್ಲದ ಅಧಿಕಾರಿಗಳ ಮುಂದೆ ಅದನ್ನು ಹೇಳಿ ಅಂಕ ತರಲು ನಾವು ಹೊರಟಿದ್ದೆವು. ಅದನ್ನು ಕೇಳಬೇಕಾದ ಮನುಷ್ಯ ಅಸೂಟಿಯಲ್ಲಿ ಹೆಂಡತಿಯನ್ನು ಚೇಳು ಕೊಂದಿತು ಎಂದುಕೊಂಡು ಬದುಕಿದ್ದ. ಸಂದರ್ಶನ ಹತ್ತಿರ ಬಂದಿತ್ತು. ಈಗ ಹೋಗಿ ಹೇಳಿದರೆ ಅಪ್ಪ ಸಿಟ್ಟಿಗೇಳಬಹುದು, ಮುರಿದು ಬೀಳಬಹುದು, ಎಲ್ಲಿಗೂ ಹೋಗುವುದು ಬೇಡ ಎಂದು ಮಗಳನ್ನು ಮನೆಯಲ್ಲಿ ಕೂರಿಸಬಹುದು. ಸೀಟು ಸಿಕ್ಕ ಮೇಲೆ ಹೇಳಿದರಾಯಿತು ಎಂದು ಸುಬೇದಾರರು ಅಂದರು. ಅದು ಜಾಣತನದ ಮಾತೇ. ಆದರೆ ಆ ಬಾಯಿ ಮೊದಲು ತೆರೆಯಬೇಕಾದದ್ದು ಎಲ್ಲಿ ಎಂದು ಗೊತ್ತಾದ ಮೇಲೆ ಮತ್ತೆ ಮೇಜು ಹಾಕಿಕೊಂಡು ಕೂರಲು ನನಗೆ ಮನಸ್ಸಾಗಲಿಲ್ಲ. ಅಭ್ಯಾಸ ನಿಲ್ಲಿಸಿ ಅವಳ ಜೊತೆ ಅಸೂಟಿಯ ಬಸ್ಸು ಹತ್ತಿದೆ.

ಹೆಸರುಕಾಳಿನ ಸುಗ್ಗಿ ನಡೆದಿತ್ತು. ಮನೆಯ ಮುಂದೆ ಅಂಗಳದ ತುಂಬ ಹೆಸರು ಕಾಯಿ ಹರವಿದ್ದರು. ಬಿಸಿಲಿಗೆ ಕಾಯಿ ಒಡೆದು ಕಾಳು ಸಿಡಿಯುವ ಸಣ್ಣ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ಕಾಯಿಗಳಲ್ಲಿ ಕೈಯಾಡಿಸುತ್ತಿದ್ದ ಅಪ್ಪ ನನ್ನನ್ನು ನೋಡಿ, "ಬರ್ರಿ ಅಕ್ಕಾರ" ಎಂದು ಗಡಬಡಿಸಿ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಸೀಟಿನ ವಿಷಯಕ್ಕೆ ಬಂದಿದ್ದೇನೆ ಎಂದು ತಿಳಿದು, ಈಕೆ ಏನಾದರೂ ತಪ್ಪು ಮಾಡಿದಳೇನು ಎಂದು ಕೇಳಿದ. ಮಗಳು ಏನೋ ಹೇಳಬೇಕಂತೆ ಎಂದೆ, ಅಷ್ಟೇ. ಎದ್ದು ಹೋಗಿ ನೀರಿನ ಹರವಿಯ ಹತ್ತಿರ ನಿಂತೆ.

ಹುಡುಗಿ ಅಪ್ಪನ ಎದುರಿಗೆ ನೆಲದ ಮೇಲೆ ಕುಳಿತು, ಅವ್ವನಿಗೆ ಕಡಿದದ್ದು ಚೇಳಲ್ಲ ಎಂದಳು. ಆಯಿ ಕಳಿಸಿದ್ದು, ಔಷಧಿ, ಬಾಯಲ್ಲಿ ನೀರು, ಡಾಕ್ಟರು ಕೇಳಿದ್ದು, ಎಲ್ಲವನ್ನೂ ಹೇಳಿದಳು. ಅಪ್ಪ ಕಾಯಿ ಹಿಡಿದ ಕೈಯನ್ನು ಹಾಗೆಯೇ ಹಿಡಿದುಕೊಂಡಿದ್ದ. ಅವಳು ಮುಗಿಸಿದ ಮೇಲೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಆಮೇಲೆ ಮುಂದಕ್ಕೆ ಬಾಗಿದ. ಅವನ ದನಿ ನನಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆತ್ತಗಿತ್ತು.

"ಯಾವದು ನೋಡಿದ್ದಿ?"

ಹುಡುಗಿಯ ತುಟಿಗಳು ಒಳಕ್ಕೆ ಹೋದವು. ಆಮೇಲೆ ಅವು ಬಿಚ್ಚಿಕೊಂಡವು.

"ಕರೀದು ಅಪಾ. ಮ್ಯಾಲ ಬಿಳಿ ಗೆರಿ ಇದ್ದು."

"ಎಷ್ಟೊತ್ತಿಗೆ?"

"ದೀಪಾ ಹಚ್ಚೂ ಹೊತ್ತಿಗೆ."

"ಯಾವ ಕೈ?"

"ಬಲಗೈ."

ಅಂದು ಡಾಕ್ಟರು ಕೇಳಬೇಕಾಗಿದ್ದ ಪ್ರಶ್ನೆಗಳನ್ನೆಲ್ಲ ಆ ಮನುಷ್ಯ ಒಂದೊಂದಾಗಿ ಕೇಳಿದ. ಅವಳು ಒಂದೊಂದಕ್ಕೂ ತಪ್ಪದೆ ಉತ್ತರ ಕೊಟ್ಟಳು. ಅಷ್ಟು ಚೆನ್ನಾಗಿ, ಅಷ್ಟು ಸ್ಪಷ್ಟವಾಗಿ ಅವಳು ನಮ್ಮ ಮೇಜಿನ ಮುಂದೆ ಒಂದು ದಿನವೂ ಹೇಳಿರಲಿಲ್ಲ. ಯಾರಿಗೂ ಇನ್ನು ಬೇಕಾಗಿರದ ಆ ಉತ್ತರಗಳನ್ನು ಕೇಳುತ್ತಾ ನಿಲ್ಲುವುದು ನನಗೆ ಕಷ್ಟವಾಯಿತು. ಪ್ರಶ್ನೆಗಳು ಮುಗಿದ ಮೇಲೆ ಅಪ್ಪ, ಒಳಗ ಹೋಗಿ ಉಣ್ಣ ಹೋಗ ಎಂದು ಮಗಳಿಗೆ ಹೇಳಿ ಮತ್ತೆ ಕಾಯಿಗಳಲ್ಲಿ ಕೈಯಾಡಿಸತೊಡಗಿದ. ನನ್ನ ಕಡೆ ನೋಡಲಿಲ್ಲ. ನಾನು ಹೇಳದೆ ಕೇಳದೆ ಬಸ್ಸಿನ ಕಡೆ ನಡೆದೆ.

ಮರುದಿನ ಹುಡುಗಿ ಬರಲಿಲ್ಲ. ಮೇಜು ಹಾಗೆಯೇ ಇತ್ತು, ಸುಬೇದಾರರು ಯಾವಗಲ್ಲಿನಿಂದ ಬಂದು ಕಾದು ಹೋದರು. ಕೆಲಸ ಕೆಟ್ಟಿತು, ಹುಡುಗಿಯ ಬಾಳೂ ಕೆಟ್ಟಿತು ಎಂದು ನಾನು ಕೈ ಚೆಲ್ಲಿ ಕುಳಿತೆ. ಅದರ ಮರುದಿನ ಬೆಳಗಿನ ಬಸ್ಸಿಗೆ ಅವಳು ಬಂದಳು. ಕೈಯಲ್ಲಿ ಬುತ್ತಿ ಇತ್ತು. ಅಪ್ಪನೇ ರೊಟ್ಟಿ ಮಾಡಿ ಕಟ್ಟಿಕೊಟ್ಟಿದ್ದ. ಅಂಚು ಹರಿದ, ದಪ್ಪನೆಯ ರೊಟ್ಟಿ. ಅವನು ಮನೆಯಲ್ಲಿ ಏನಾದರೂ ಅಂದನೇ ಎಂದು ಕೇಳಿದೆ. ಏನೂ ಅಂದಿಲ್ಲ, ರೊಟ್ಟಿ ಬಡಿದ ಎಂದಳು.

ಪಶುವೈದ್ಯರು ಮುಂದಕ್ಕೆ ಬಾಗಿ ಮೆತ್ತಗೆ ಕೇಳಿದರು. ತುಟಿ ಮಡಚಿಕೊಂಡವು, ತಡೆದವು, ಬಿಚ್ಚಿದವು. ಉತ್ತರ ಬಂತು. ಸರಾಗವಾಗಿ ಅಲ್ಲ. ಪ್ರತಿ ಸಲವೂ ಅವಳು ಏನನ್ನೋ ನುಂಗಿ ಆಮೇಲೆ ಮಾತಾಡುವಂತೆ ತಡವಾಗುತ್ತಿತ್ತು. ಆ ತಡವನ್ನು ತಿದ್ದಲು ನಾನು ಹೋಗಲಿಲ್ಲ. ಯೋಚನೆ ಮಾಡಿ ಹೇಳುತ್ತಾಳೆ ಎಂದು ಅವರು ತಿಳಿದುಕೊಳ್ಳಲಿ ಬಿಡಿ ಎಂದರು ಸುಬೇದಾರರು.

ಗದಗಿನಿಂದ ರೈಲಿಗೆ ಅವಳು, ಅಪ್ಪ ಮತ್ತು ನಾನು ಹೊರಟೆವು. ಸಂದರ್ಶನದ ಕಟ್ಟಡದ ಹೊರಗೆ ಮರದ ನೆರಳಿನಲ್ಲಿ ಬೇರೆ ಬೇರೆ ಊರಿನ ತಂದೆತಾಯಿಗಳು ತುಂಬಿದ್ದರು. ಅವರ ಮಕ್ಕಳು ತಮ್ಮ ಉತ್ತರಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು. ನಮ್ಮ ಹುಡುಗಿ ಅಪ್ಪನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದು, ಹೆಸರು ಕರೆದಾಗ ಎದ್ದು ಹೋದಳು. ಹೊರಗೆ ಬಂದಾಗ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಪ್ರಶ್ನೆ ಕೇಳುವವರಲ್ಲೊಬ್ಬರು ಹೆಂಗಸು, ಅವರು ಬಹಳ ಮೆತ್ತಗೆ ಕೇಳಿದರು, ನಾನು ತಡ ಮಾಡಿ ಹೇಳಿದೆ, ಆದರೂ ಹೇಳಿದೆ ಎಂದಷ್ಟೇ ತಿಳಿಸಿದಳು.

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಮೇಲಿನ ಹಲಗೆ ಹತ್ತಿ ಮಲಗಿದ್ದ. ಅವ್ವನ ವಿಷಯ ಹೇಳಿದೆಯಾ ಎಂದು ಅವಳನ್ನು ಕೇಳಿದೆ. ಇಲ್ಲವೆಂದಳು. ಜನರ ಸೇವೆ, ಹಳ್ಳಿಯಲ್ಲಿ ಡಾಕ್ಟರಿಲ್ಲ ಎಂಬ ಬಾಯಿಪಾಠದ ಉತ್ತರವನ್ನೇ ಹೇಳಿದ್ದಳು. ಹಾಗಾದರೆ ನಿಜವಾಗಿ ಡಾಕ್ಟರ್ ಆಗುವುದು ಯಾತಕ್ಕೆ ಎಂದು, ಇಷ್ಟು ದಿನ ಅಂಕಕ್ಕಾಗಿ ಕೇಳಿದ್ದನ್ನು ಅಂದು ಮೊದಲ ಸಲ ನನಗಾಗಿ ಕೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

"ನಾ ಹೇಳಿದ್ರ ಅವ್ವ ಉಳಿತಿದ್ಲೋ ಇಲ್ಲೋ ತಿಳಕೋಬೇಕ್ರಿ. ಮೊಬೈಲಿನಾಗ ಹುಡುಕಿ ನೋಡಿಲ್ರಿ. ಯಾರನ್ನೂ ಕೇಳಂಗಿಲ್ಲ. ಓದೇ ತಿಳಕೋತೀನಿ."

ಪಶುವೈದ್ಯರ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾನು ಬುತ್ತಿಯ ಗಂಟು ಬಿಚ್ಚುವ ನೆಪ ಮಾಡಿಕೊಂಡು ಮುಖ ಆ ಕಡೆ ತಿರುಗಿಸಿದೆ.

ಪಟ್ಟಿ ಬಂದಾಗ ಅವಳ ಹೆಸರು ಇತ್ತು. ಅಂಕದಲ್ಲಿ ಮೇಲಿನವರ ಜೊತೆ, ಮಾತಿನಲ್ಲಿ ನಡುವಿನವರ ಜೊತೆ, ಎರಡೂ ಕೂಡಿ ಸೀಟಿಗೆ ಸಾಕಾಯಿತು. ಪ್ರಾಂಶುಪಾಲರು ಪೇಢೆ ಹಂಚಿದರು. ಸುಬೇದಾರರು ಹುಡುಗಿಗೆ ಎದ್ದು ನಿಂತು ಸೆಲ್ಯೂಟ್ ಹೊಡೆದಾಗ ಅವಳು ನಾಚಿ ನನ್ನ ಹಿಂದೆ ಸರಿದಳು. ಎಲ್ಲರ ಜೊತೆ ನಾನೂ ನಕ್ಕೆ.

ಅವಳು ಕಾಲೇಜಿಗೆ ಹೋಗಿ ಸೇರಿದ ಮೇಲೆ ಒಂದು ದಿನ ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ಹೆಸರು ಕಾಳಿನ ಸಣ್ಣ ಗಂಟೊಂದನ್ನು ಮೇಜಿನ ಮೇಲಿಟ್ಟು, ಕೂತುಕೊಳ್ಳಿ ಎಂದರೂ ಕೂರದೆ ನಿಂತ. ಮಗಳ ಸುದ್ದಿ, ಹಾಸ್ಟೆಲಿನ ಊಟ, ಅಲ್ಲಿಯ ಚಳಿ ಎಲ್ಲ ಮಾತಾಡಿದ. ಹೊರಟವನು ಬಾಗಿಲವರೆಗೆ ಹೋಗಿ ತಿರುಗಿ ಬಂದ.

"ಅಕ್ಕಾರ, ನೀವು ಓದಿದವರು. ಅವತ್ತ ಕೂಸು ಹೇಳಿದ್ರ ಆಕಿ ಉಳಿತಿದ್ಲೇನ್ರಿ?"

ಅವನ ದನಿಯೂ ಮೆತ್ತಗಿತ್ತು. ನನಗೆ ಗೊತ್ತಿದ್ದದ್ದು ಗೊತ್ತಿತ್ತು, ಗೊತ್ತಿಲ್ಲದ್ದು ಗೊತ್ತಿರಲಿಲ್ಲ. ನಾನು ಇಲ್ರಿ ಎಂದೆ. ಉಳಿತಿರಲಿಲ್ರಿ, ಹೊತ್ತು ಮೀರಿತ್ತು ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

"ಆಕಿ ಕೇಳಿದ್ರೂ ಹಂಗ ಹೇಳ್ರಿ" ಎಂದು ಹೇಳಿ ಹೋದ.

ಆಕೆ ನನ್ನನ್ನು ಕೇಳುವುದಿಲ್ಲ. ರಜೆಗೆ ಬಂದಾಗಲೆಲ್ಲ ಕಾಲೇಜಿಗೆ ಬಂದು, ಚಹಾ ಕುಡಿದು, ಚಲೋ ನಡದೈತ್ರಿ ಮೇಡಂ ಎಂದು ಹೇಳಿ ಹೋಗುತ್ತಾಳೆ. ವಿಷಗಳ ಪಾಠ ಅವರಿಗೆ ಮೂರನೆಯ ವರ್ಷದಲ್ಲಿ ಇರುತ್ತದಂತೆ. ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ.